ಪುಟ ತೆರೆಯುವಷ್ಟರಲ್ಲಿ ಕಾಫಿ ಆರಿತ್ತು

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಬೈದುಕೊಂಡವರಲ್ಲಿ ಕ್ಷಮೆ ಇರಲಿ, ಮರೆತೇಬಿಟ್ಟವರಿಗೆ ಮತ್ತೊಮ್ಮೆ ನಮಸ್ಕಾರ :-) ಮೊನ್ನೆ ಊರಿಗೆ ಹೋದಾಗ ಅಟ್ಟ ಶುಚಿ ಮಾಡುತ್ತಿದ್ದೆ. ಹಳೆಯ ಮೋಡೆಮ್ ಒಂದು ಸಿಕ್ಕಿತು. ಅದರ ಜೊತೆಗೆ ಒಂದು ಹಳೆಯ ಪ್ರಶ್ನೆಯೂ ನೆನಪಾಯಿತು. ಆ ಪ್ರಶ್ನೆಯ ಬಾಲ ಹಿಡಿದು ಹೊರಟವನು ನಲವತ್ತು ವರ್ಷದಷ್ಟು ಹಿಂದಕ್ಕೆ ಹೋಗಿ ಬಂದೆ. ಬರಹ ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡೇ ಕೂತುಕೊಳ್ಳಿ.

2004ರ ಸುಮಾರಿನ ಮಾತು. ಬೆಂಗಳೂರಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬ ರಜೆಗೆ ಬಂದಾಗ ಒಂದು ಸೀಡಿ ತಂದಿದ್ದ. "ಇದು ಫ್ರೀನೆಟ್ ಅಂತ. ಇದರೊಳಗೆ ಯಾರು ಏನು ಓದ್ತಾರೆ, ಯಾರು ಏನು ಬರೀತಾರೆ ಅಂತ ಯಾರಿಗೂ ಗೊತ್ತಾಗಲ್ಲ ಮಾರಾಯ" ಅಂದ. ಅಷ್ಟು ಸಾಕಿತ್ತು ನನಗೆ. ಮನೆಯಲ್ಲಿದ್ದದ್ದು ಡಯಲ್-ಅಪ್. ಹಗಲು ಕನೆಕ್ಟ್ ಮಾಡಿದರೆ ಫೋನ್ ಎಂಗೇಜ್ ಬರುತ್ತದೆ ಅಂತ ಅಮ್ಮನ ಗಲಾಟೆ. ಹಾಗಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಶುರು. ಮೊದಲ ಪುಟದ ಕೊಂಡಿ ಒತ್ತಿ, ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ. ಪುಟ ಬಂದಿರಲಿಲ್ಲ. ಕಾಫಿ ಆರಿತು. ಆಮೇಲೆ ಒಂದು ಶೀರ್ಷಿಕೆ ಬಂತು, ಚಿತ್ರಗಳು ಇರಬೇಕಾದ ಕಡೆ ಖಾಲಿ ಚೌಕಗಳು. ಒಂದು ವಾರ ಹೀಗೇ ಒದ್ದಾಡಿ ಅದನ್ನು ಅಳಿಸಿ ಹಾಕಿದೆ. "ಇಷ್ಟು ನಿಧಾನ ಯಾಕೆ?" ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ನನ್ನ ಡಯಲ್-ಅಪ್ಪೇ ಕಾರಣ ಅಂತ ಆಗ ಅಂದುಕೊಂಡಿದ್ದೆ. ಅದು ಅರ್ಧ ಸತ್ಯ ಅಷ್ಟೇ. ಇಂಥ ಜಾಲಗಳಲ್ಲಿ ತಡ ಅನ್ನುವುದು ಕೆಲವು ಕಡೆ ಕಾಯಿಲೆ, ಕೆಲವು ಕಡೆ ಔಷಧಿ. ಯಾವುದು ಯಾವುದು ಅಂತ ಬೇರ್ಪಡಿಸುವುದರಲ್ಲೇ ಎಷ್ಟೋ ಜನ ಸಂಶೋಧಕರ ಆಯುಷ್ಯ ಸವೆದಿದೆ.

ಮೊದಲು, ಈ ಹೆಸರಿಲ್ಲದ ಜಾಲಗಳು ಯಾಕೆ ಬೇಕಾದವು ಅನ್ನುವುದನ್ನು ನೋಡೋಣ. ನಾವು ಒಂದು ಪುಟ ಕೇಳಿದಾಗ ಆ ಕೋರಿಕೆಯ ಮೇಲೆ ಪತ್ರದ ಲಕೋಟೆಯ ಹಾಗೆ ಎರಡು ವಿಳಾಸ ಇರುತ್ತದೆ, ಕಳಿಸಿದವರದು ಮತ್ತು ತಲುಪಬೇಕಾದವರದು. ಒಳಗಿನ ಕಾಗದಕ್ಕೆ ಬೀಗ ಹಾಕಿದರೂ ಲಕೋಟೆ ಎಲ್ಲರಿಗೂ ಕಾಣುತ್ತದೆ. ಸರ್ಕಾರಕ್ಕೆ ಇಷ್ಟವಾಗದ ಸುದ್ದಿ ಬರೆಯುವ ಪತ್ರಕರ್ತನಿಗೆ, ಮನೆಯವರಿಗೆ ತಿಳಿಯದಂತೆ ತನ್ನ ಕಾಯಿಲೆ ಬಗ್ಗೆ ಓದಬೇಕಾದ ಹೆಣ್ಣುಮಗಳಿಗೆ, ಆ ಲಕೋಟೆಯೇ ಅಪಾಯ. 1993ರಲ್ಲಿ ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ ಇದಕ್ಕೊಂದು ಸರಳ ಉಪಾಯ ಮಾಡಿದ್ದ. ನಿಮ್ಮ ಅಂಚೆ ಅವನ ಸರ್ವರ್‌ಗೆ ಹೋಗುತ್ತಿತ್ತು, ಅದು ನಿಮ್ಮ ಹೆಸರು ತೆಗೆದು ಮುಂದಕ್ಕೆ ಕಳಿಸುತ್ತಿತ್ತು. ಆದರೆ ಯಾರ ಅಡ್ಡಹೆಸರು ಯಾವುದು ಅನ್ನುವ ಪಟ್ಟಿ ಆ ಒಂದೇ ಯಂತ್ರದಲ್ಲಿತ್ತು. ಪೊಲೀಸರು, ಕೋರ್ಟು ಅಲ್ಲಿಗೇ ಬಂದರು. 1996ರಲ್ಲಿ ಆತ ಸೇವೆಯನ್ನು ಮುಚ್ಚಿಬಿಟ್ಟ. ಎಲ್ಲ ಗುಟ್ಟನ್ನೂ ಒಬ್ಬನ ಕೈಗೆ ಕೊಡಬಾರದು ಅನ್ನುವ ಪಾಠ ಎಲ್ಲರಿಗೂ ತಲುಪಿತು. ಒಬ್ಬನ ಬದಲು ನೂರಾರು ಜನ ತಮ್ಮ ತಮ್ಮ ಕಂಪ್ಯೂಟರುಗಳಿಂದ ಒಬ್ಬರಿಗೊಬ್ಬರು ಅಂಚೆಯವರಾಗಬೇಕು. ಪೀರ್-ಟು-ಪೀರ್ ಅಂದರೆ ಇದೇ: ಇಲ್ಲಿ ಯಜಮಾನರಿಲ್ಲ, ಗಿರಾಕಿಗಳಿಲ್ಲ, ಎಲ್ಲರೂ ನೆರೆಹೊರೆಯವರು.

ಈ ಯೋಚನೆಯ ಬೀಜ ಇನ್ನೂ ಹಳೆಯದು. 1981ರಲ್ಲಿ ಡೇವಿಡ್ ಚೌಮ್ ಬರೆದ ಲೇಖನದಲ್ಲಿ 'ಮಿಕ್ಸ್' ಅನ್ನುವ ಕಲ್ಪನೆ ಬರುತ್ತದೆ. ನಮ್ಮೂರಿನ ಅಂಚೆಡಬ್ಬ ನೆನಪಿಸಿಕೊಳ್ಳಿ. ನೀವು ಪತ್ರ ಹಾಕಿದ ಮರುಕ್ಷಣವೇ ಯಾರೋ ಅದನ್ನು ತೆಗೆದುಕೊಂಡು ಓಡಿದರೆ, ಎದುರು ಕಟ್ಟೆಯ ಮೇಲೆ ಕೂತವನಿಗೆ ಅದು ನಿಮ್ಮದೇ ಅಂತ ಗೊತ್ತಾಗುತ್ತದೆ. ಸಂಜೆಯ ತನಕ ಡಬ್ಬದಲ್ಲೇ ಬಿದ್ದಿದ್ದು, ಐವತ್ತು ಪತ್ರಗಳ ಜೊತೆ ಚೀಲಕ್ಕೆ ಸೇರಿದರೆ ಗೊತ್ತಾಗುವುದಿಲ್ಲ. ಚೌಮ್‌ನ ಮಿಕ್ಸ್ ಮಾಡುವುದು ಇದನ್ನೇ. ಒಂದೇ ಅಳತೆಯ ಸಂದೇಶಗಳನ್ನು ಕೂಡಿಡುತ್ತದೆ, ಬೀಗದ ಒಂದು ಪದರ ತೆಗೆಯುತ್ತದೆ, ಬಂದ ಕ್ರಮ ಬಿಟ್ಟು ಅಕ್ಷರಕ್ರಮದಲ್ಲಿ ಜೋಡಿಸಿ ಹೊರಗೆ ಬಿಡುತ್ತದೆ. ಇಲ್ಲಿ ತಡವೇ ರಕ್ಷಣೆ. ಕಾಯಲು ಒಪ್ಪಿಕೊಂಡವನಿಗೆ ಗುಂಪು ಸಿಗುತ್ತದೆ.

ಇ-ಮೇಲ್‌ಗೆ ಇದು ಸರಿಯೇ. ಪತ್ರ ನಾಲ್ಕು ಗಂಟೆ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ 1990ರ ದಶಕದಲ್ಲಿ ವೆಬ್ ಬಂತು ನೋಡಿ, ಕಷ್ಟ ಅಲ್ಲಿಂದ ಶುರು. ಪುಟ ಅಂದರೆ ಒಂದು ಪತ್ರವಲ್ಲ. ಮೊದಲು ಪಠ್ಯ ಬರಬೇಕು, ಅದನ್ನು ಓದಿದ ಬ್ರೌಸರ್ "ಓಹೋ, ಇದರಲ್ಲಿ ಹತ್ತು ಚಿತ್ರ ಇದೆ" ಅಂತ ತಿಳಿದು ಹತ್ತನ್ನೂ ಕೇಳಬೇಕು. ಹಳೆಯ ಪದ್ಧತಿಯಲ್ಲಿ ಪ್ರತಿಯೊಂದಕ್ಕೂ ಒಮ್ಮೆ ಬಾಗಿಲು ತಟ್ಟಿ ಬರಬೇಕು, ಇನ್ನೊಮ್ಮೆ ಹೋಗಿ ಸಾಮಾನು ತರಬೇಕು. ಲೆಕ್ಕಕ್ಕೆ ಅಂತ ಹೇಳುವುದಾದರೆ, ಒಂದು ಸಲ ಹೋಗಿಬರಲು ಮೂರು ಸೆಕೆಂಡು ಹಿಡಿಯುವ ಜಾಲದಲ್ಲಿ ಹನ್ನೊಂದು ಕಡತಕ್ಕೆ ಇಪ್ಪತ್ತೆರಡು ಓಡಾಟ, ಅಂದರೆ ಅರವತ್ತಾರು ಸೆಕೆಂಡು! ತಂತಿ ಎಷ್ಟೇ ದಪ್ಪ ಇರಲಿ, ಇದು ಕಡಿಮೆಯಾಗುವುದಿಲ್ಲ. ಇದು ಸಾಮಾನಿನ ಭಾರದ ಸಮಸ್ಯೆಯಲ್ಲ, ಓಡಾಟದ ಸಮಸ್ಯೆ.

ಈ ಓಡಾಟಕ್ಕೆ ನಾನು ಓದಿದ ಮೊದಲ ಚಂದದ ಉತ್ತರ 1998ರ 'ಕ್ರೌಡ್ಸ್' ಎಂಬ ವ್ಯವಸ್ಥೆಯಲ್ಲಿದೆ. ಮೈಕಲ್ ರೈಟರ್ ಮತ್ತು ಏವಿಯಲ್ ರೂಬಿನ್ ಇಬ್ಬರೂ ಎಟಿ ಅಂಡ್ ಟಿ ಸಂಶೋಧನಾಲಯದಲ್ಲಿದ್ದಾಗ ಮಾಡಿದ್ದು. ಗುಂಪಿನ ಒಬ್ಬ ಪುಟ ಕೇಳಿದರೆ ಕೋರಿಕೆ ಇನ್ನೊಬ್ಬನಿಗೆ ಹೋಗುತ್ತದೆ. ಅವನು ನಾಣ್ಯ ಚಿಮ್ಮಿದ ಹಾಗೆ ನಿರ್ಧರಿಸುತ್ತಾನೆ, ತಾನೇ ಜಾಲತಾಣಕ್ಕೆ ಹೋಗುವುದೋ, ಮತ್ತೊಬ್ಬನಿಗೆ ದಾಟಿಸುವುದೋ ಅಂತ. ನನಗೆ ಕೋರಿಕೆ ಕೊಟ್ಟವನು ಸ್ವತಃ ಕೇಳಿದವನೋ, ಬರೀ ದಾಟಿಸಿದವನೋ ನನಗೆ ತಿಳಿಯದು.

ಆದರೆ ಇಲ್ಲೊಂದು ಬಿರುಕಿತ್ತು. ನಾನು ಪುಟವನ್ನು ಹಿಂದಕ್ಕೆ ಕೊಟ್ಟ ತಕ್ಷಣವೇ ಅದೇ ಮನುಷ್ಯನಿಂದ ಆ ಪುಟದ ಚಿತ್ರಗಳಿಗೂ ಕೋರಿಕೆ ಬಂದರೆ? ಇಷ್ಟು ಬೇಗ ಬಂತು ಅಂದರೆ ಬ್ರೌಸರ್ ಅವನ ಬಳಿಯೇ ಇದೆ, ಕಳ್ಳ ಸಿಕ್ಕಿಬಿದ್ದ! ಇದಕ್ಕೆ ಅವರು ಕಂಡುಕೊಂಡ ದಾರಿ: ಜಾಲತಾಣಕ್ಕೆ ಹೋದ ಕೊನೆಯವನೇ ಪುಟವನ್ನು ಓದಿ, ಅದರಲ್ಲಿರುವ ಚಿತ್ರಗಳನ್ನೆಲ್ಲ ತಾನೇ ತರಿಸಿ, ಪುಟದ ಹಿಂದೆಯೇ ಕಳಿಸಿಬಿಡುವುದು. ಕೇಳಿದವನ ಕಡೆಯ ತಂತ್ರಾಂಶ ಚಿತ್ರಗಳನ್ನು ಮತ್ತೆ ಕೇಳುವುದೇ ಇಲ್ಲ, ಬರುವ ತನಕ ಸುಮ್ಮನೆ ಕಾಯುತ್ತದೆ. ಗುಟ್ಟಿಗೋಸ್ಕರ ಮಾಡಿದ ಈ ಉಪಾಯದಿಂದ ಓಡಾಟವೂ ಉಳಿಯಿತು. ವೇಗ ಮತ್ತು ಗುಟ್ಟು ಯಾವಾಗಲೂ ಹಾವು ಮುಂಗುಸಿ ಆಗಿರಬೇಕಿಲ್ಲ ಅಂತ ನನಗೆ ಮೊದಲು ಅನಿಸಿದ್ದು ಇದನ್ನು ಓದಿದಾಗ.

ಈಗ ಫ್ರೀನೆಟ್‌ಗೆ ಬರೋಣ, ನನ್ನ ಕಾಫಿ ಆರಿಸಿದ ಮಹಾನುಭಾವನ ಹತ್ತಿರ. ಇಯಾನ್ ಕ್ಲಾರ್ಕ್ ಎಂಬ ವಿದ್ಯಾರ್ಥಿ 1999ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ವರದಿಯಿಂದ ಹುಟ್ಟಿದ್ದು ಇದು. 2000ದ ಮಾರ್ಚಿನಲ್ಲಿ ಮೊದಲ ಆವೃತ್ತಿ ಹೊರಬಂತು. ಇಲ್ಲಿ ಪುಟ ಇಟ್ಟುಕೊಂಡ ಸರ್ವರ್ ಅಂತಲೇ ಇಲ್ಲ. ಪುಟ ತುಂಡು ತುಂಡಾಗಿ, ಬೀಗ ಹಾಕಿಕೊಂಡು, ಸದಸ್ಯರ ಡಿಸ್ಕುಗಳಲ್ಲಿ ಹಂಚಿಹೋಗಿರುತ್ತದೆ. ನಿಮ್ಮ ಬಳಿ ಒಂದು ಕೀಲಿ ಇರುತ್ತದೆ. ಅದನ್ನು ಪಕ್ಕದವನಿಗೆ ಕೊಡುತ್ತೀರಿ, ಅವನಲ್ಲಿಲ್ಲದಿದ್ದರೆ ಅಂಥ ಕೀಲಿಗಳು ಸಿಗಬಹುದಾದ ಇನ್ನೊಬ್ಬನಿಗೆ ಅವನು ಕೊಡುತ್ತಾನೆ. ಸಿಕ್ಕರೆ ಅದೇ ದಾರಿಯಲ್ಲಿ ವಾಪಸ್. ಬರುವಾಗ ದಾರಿಯವರೆಲ್ಲ ಒಂದೊಂದು ಪ್ರತಿ ಇಟ್ಟುಕೊಳ್ಳಬಹುದು. ಹೀಗಾಗಿ ಹೆಚ್ಚು ಜನ ಓದುವ ಪುಟ ತಾನಾಗಿಯೇ ಓದುಗರ ಹತ್ತಿರಕ್ಕೆ ಬರುತ್ತದೆ, ಬೇಗ ತೆರೆಯುತ್ತದೆ. ಯಾರೂ ಕೇಳದ ಪುಟ ಜಾಗಕ್ಕಾಗಿ ನಡೆಯುವ ಪೈಪೋಟಿಯಲ್ಲಿ ನಿಧಾನವಾಗಿ ಉದುರಿಹೋಗುತ್ತದೆ. (ನನ್ನ ಬ್ಲಾಗು ಅಲ್ಲಿದ್ದಿದ್ದರೆ ಏನಾಗುತ್ತಿತ್ತು ಅಂತ ಊಹಿಸಿ!)

ಹಾಗಾದರೆ ತಡ ಎಲ್ಲಿಂದ? ಮೊದಲು ತಾಣದ ಕೀಲಿಯನ್ನು ಹುಡುಕಬೇಕು. ಅಲ್ಲಿ ಸಿಗುವುದು ಒಂದು ಪಟ್ಟಿ. ಪಟ್ಟಿಯಲ್ಲಿ ಪಠ್ಯಕ್ಕೆ ಬೇರೆ ಕೀಲಿ, ಒಂದೊಂದು ಚಿತ್ರಕ್ಕೂ ಬೇರೆ ಕೀಲಿ. ಪ್ರತಿಯೊಂದಕ್ಕೂ ಹೊಸದಾಗಿ ಮನೆ ಮನೆ ಅಲೆಯಬೇಕು. ಒಂದು ಚಿತ್ರ ಉದುರಿಹೋಗಿದ್ದರೆ ಅದು ಇಲ್ಲ ಅಂತ ಖಾತ್ರಿಯಾಗುವವರೆಗೂ ಅಲೆಯಬೇಕು. ಇದರ ಮೇಲೆ ಇನ್ನೊಂದು ತಮಾಷೆ. 1999ರ ಎಚ್‌ಟಿಟಿಪಿ ನಿಯಮದ ಸಲಹೆ ಪ್ರಕಾರ ಬ್ರೌಸರ್ ಒಂದು ಸರ್ವರ್ ಜೊತೆ ಎರಡಕ್ಕಿಂತ ಹೆಚ್ಚು ಸಂಪರ್ಕ ಇಟ್ಟುಕೊಳ್ಳಬಾರದಿತ್ತು. ಫ್ರೀನೆಟ್‌ನ ಪುಟಗಳೆಲ್ಲ ನಮ್ಮದೇ ಕಂಪ್ಯೂಟರಿನ ಒಂದೇ ವಿಳಾಸದಿಂದ ಬ್ರೌಸರಿಗೆ ಸಿಗುತ್ತವೆ. ಇಡೀ ಜಗತ್ತೇ ಒಂದು ಸರ್ವರ್ ಅಂತ ತಿಳಿದ ಬ್ರೌಸರ್, ಸಿಗದ ಎರಡು ಚಿತ್ರಗಳಿಗೆ ಕಾಯುತ್ತಾ ಉಳಿದದ್ದನ್ನೆಲ್ಲ ಸಾಲಿನಲ್ಲಿ ನಿಲ್ಲಿಸುತ್ತಿತ್ತು! ನನ್ನ ಖಾಲಿ ಚೌಕಗಳ ರಹಸ್ಯದಲ್ಲಿ ಇದಕ್ಕೂ ಪಾಲಿತ್ತು ಅಂತ ಈಗ ಅನಿಸುತ್ತದೆ. ಬ್ರೌಸರಿನ ಆ ಮಿತಿಯನ್ನು ಹೆಚ್ಚಿಸಿಕೊಳ್ಳಿ ಅಂತ ಫ್ರೀನೆಟ್‌ನವರು ಮುಂದೆ ಬಳಕೆದಾರರಿಗೆ ಹೇಳಬೇಕಾಯಿತು. ಈ ತಡದಿಂದ ಯಾರ ಗುಟ್ಟೂ ಉಳಿಯುತ್ತಿರಲಿಲ್ಲ. ಇದು ಶುದ್ಧ ದಂಡ.

ಇಂಥ ದಂಡದ ತಡಗಳನ್ನು ಅವರು ಒಂದೊಂದಾಗಿ ಕಿತ್ತುಹಾಕುತ್ತಾ ಬಂದರು. ಪಟ್ಟಿ, ಪಠ್ಯ, ಸಣ್ಣ ಚಿತ್ರಗಳನ್ನೆಲ್ಲ ಒಂದೇ ಗಂಟು ಕಟ್ಟಿ ಇಡುವ ಪದ್ಧತಿ ಬಂತು. ಈಗ ಒಂದೇ ಹುಡುಕಾಟದಲ್ಲಿ ಇಡೀ ಪುಟ. ದೊಡ್ಡ ಕಡತಗಳನ್ನು 32 ಕಿಲೋಬೈಟಿನ ತುಂಡುಗಳಾಗಿ ಒಡೆದು, ಜೊತೆಗೆ ಲೆಕ್ಕಾಚಾರದ ಹೆಚ್ಚುವರಿ ತುಂಡುಗಳನ್ನೂ ಸೇರಿಸಿದರು. ಎಲ್ಲ ತುಂಡೂ ಬರಬೇಕಿಲ್ಲ, ಸಾಕಷ್ಟು ಬಂದರೆ ಉಳಿದವನ್ನು ಕಟ್ಟಿಕೊಳ್ಳಬಹುದು. ಅತೀ ನಿಧಾನದ ತುಂಡಿಗಾಗಿ ಕಾಯುವುದು ತಪ್ಪಿತು. ತಾಣಗಳ ಪಟ್ಟಿ ಕೊಡುವ ಪುಟಗಳಲ್ಲಿ ಪ್ರತಿ ತಾಣಕ್ಕೂ 108 x 36 ಅಳತೆಯ ಪುಟ್ಟ ಚಿತ್ರ ಹಾಕುವ ರೂಢಿಯೂ ಇತ್ತು. ಆ ಚಿತ್ರ ಆಯಾ ತಾಣದ ಗಂಟಿನೊಳಗೇ ಇರುವುದರಿಂದ, ಪಟ್ಟಿ ನೋಡಿದವರೆಲ್ಲ ತಮಗೆ ಗೊತ್ತಿಲ್ಲದೆಯೇ ಆ ತಾಣವನ್ನು ಜೀವಂತವಾಗಿ ಇಡುತ್ತಿದ್ದರು. 2008ರ ಮೇನಲ್ಲಿ ಫ್ರೀನೆಟ್ 0.7 ಬಂತು. 2023ರಲ್ಲಿ ಈ ಜಾಲ ಹೈಫಾನೆಟ್ ಅನ್ನುವ ಹೊಸ ಹೆಸರು ಪಡೆಯಿತು.

ಅದೇ ಹೊತ್ತಿಗೆ ಬೆಳೆದ ಇನ್ನೊಂದು ಜಾಲ ಐಟುಪಿ. 2003ರಲ್ಲಿ ಶುರುವಾದದ್ದು. ಅದರ ಮುಖ್ಯ ನಿರ್ಮಾತೃ ಕೊನೆಯ ತನಕ ಅಡ್ಡಹೆಸರಿನಲ್ಲೇ ಕೆಲಸ ಮಾಡಿ, 2007ರ ಕೊನೆಗೆ ಹೊರನಡೆದ. ಉಳಿದವರು ಕೈಬಿಡಲಿಲ್ಲ. ಇಲ್ಲಿ ಪ್ರತಿಯೊಬ್ಬರೂ ಹೋಗಲೊಂದು, ಬರಲೊಂದು ಸುರಂಗ ಕಟ್ಟಿಕೊಳ್ಳುತ್ತಾರೆ. ಸಾಮಾನ್ಯ ಹೊಂದಿಕೆಯಲ್ಲಿ ಒಂದೊಂದು ಸುರಂಗದಲ್ಲೂ ಮೂರು ಜನ. ನನ್ನ ಹೊರಸುರಂಗದ ಮೂವರು, ತಾಣದ ಒಳಸುರಂಗದ ಮೂವರು, ಉತ್ತರ ಬರುವಾಗ ಅವರ ಹೊರಸುರಂಗದ ಮೂವರು, ನನ್ನ ಒಳಸುರಂಗದ ಮೂವರು. ಒಂದು ಓಡಾಟಕ್ಕೆ ಹನ್ನೆರಡು ಮನೆ! ಮನೆಗಳನ್ನು ಕಡಿಮೆ ಮಾಡಿದರೆ ಗುಟ್ಟು ತೆಳುವಾಗುತ್ತದೆ. ಹಾಗಾಗಿ ಅವರು ಓಡಾಟಗಳನ್ನು ಕಡಿಮೆ ಮಾಡಿದರು. ಬಾಗಿಲು ತಟ್ಟುವ ಮೊದಲ ಸಂದೇಶದಲ್ಲೇ "ಇಂಥ ಪುಟ ಕೊಡಿ" ಅನ್ನುವ ಕೋರಿಕೆಯನ್ನೂ ತುಂಬಿದರು. "ಉತ್ತರ ಈ ದಾರಿಯಲ್ಲಿ ಕಳಿಸಿ" ಎಂಬ ಚೀಟಿಯನ್ನೂ ಜೊತೆಗಿಟ್ಟರು, ಆ ಕಡೆಯವರು ನನ್ನ ದಾರಿ ಹುಡುಕುವ ಕಷ್ಟ ತಪ್ಪಿತು. ಸುರಂಗದ ಆಯುಸ್ಸು ಹತ್ತೇ ನಿಮಿಷ. ಅದು ಮುಗಿಯುವ ಮೊದಲೇ ಹೊಸದನ್ನು ಕಟ್ಟಿಟ್ಟುಕೊಳ್ಳುತ್ತಾರೆ. ಪಠ್ಯವನ್ನು ಒತ್ತಿ ಚಿಕ್ಕದು ಮಾಡಿ ಕಳಿಸುತ್ತಾರೆ.

ಮೂರನೆಯವನು ಟಾರ್. ಅಮೆರಿಕದ ನೌಕಾ ಸಂಶೋಧನಾಲಯದಲ್ಲಿ 1990ರ ದಶಕದ ನಡುವೆ ಶುರುವಾದ ಈರುಳ್ಳಿ ಪದರಗಳ ವಿಧಾನದಿಂದ ಬಂದದ್ದು, ಆಮೇಲೆ ಸಾರ್ವಜನಿಕ ಬಳಕೆಗೆ ತೆರೆಯಿತು. ಬಳಸುವವರೆಲ್ಲರೂ ದಾಟಿಸುವವರಾಗಬೇಕೆಂಬ ನಿಯಮ ಇಲ್ಲದ್ದರಿಂದ ಇದು ಪೂರ್ತಿ ಅರ್ಥದಲ್ಲಿ ಪೀರ್-ಟು-ಪೀರ್ ಅಲ್ಲ. ಆದರೆ ಇದರ ಕತೆ ಬಿಟ್ಟರೆ ಇತಿಹಾಸ ಅರ್ಧವಾಗುತ್ತದೆ. ಟಾರ್ ಕಟ್ಟಿದವರು ಚೌಮ್‌ನ ಔಷಧಿಯನ್ನು ಗೊತ್ತಿದ್ದೇ ಬಿಟ್ಟರು. ಪತ್ರಗಳನ್ನು ಕೂಡಿಡುವುದಿಲ್ಲ, ಬಂದ ಹಾಗೇ ದಾಟಿಸುತ್ತೇವೆ. ಎರಡೂ ತುದಿಯನ್ನು ಒಟ್ಟಿಗೆ ನೋಡಬಲ್ಲವನಿಂದ ಕಾಪಾಡುತ್ತೇವೆ ಅಂತ ಹೇಳುವುದಿಲ್ಲ ಅಂತ 2004ರ ಪ್ರಬಂಧದಲ್ಲೇ ಬರೆದುಕೊಂಡರು.

ಯಾಕೆ ಬಿಟ್ಟರು? ಈ ಪ್ರಶ್ನೆಯ ಉತ್ತರ ನನಗೆ ಈ ಇಡೀ ಇತಿಹಾಸದ ಕೀಲಿ ಅನಿಸಿತು. ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ 2006ರಲ್ಲಿ ಒಂದು ಪ್ರಬಂಧ ಬರೆದರು. ಹೆಸರಿಲ್ಲದೆ ಇರಬೇಕಾದರೆ ಜೊತೆಗೆ ಜನ ಬೇಕು ಅನ್ನುವುದು ಅದರ ತಿರುಳು. ಒಬ್ಬನೇ ಮುಸುಕು ಹಾಕಿಕೊಂಡು ಬೀದಿಯಲ್ಲಿ ನಡೆದರೆ ಅವನು ಎಲ್ಲರಿಗಿಂತ ಎದ್ದು ಕಾಣುತ್ತಾನೆ. ಜಾತ್ರೆಯಲ್ಲಿ ಮುಸುಕೇ ಬೇಡ. ಜಾಲ ನಿಧಾನವಾದಷ್ಟೂ ಜನ ಬಿಟ್ಟುಹೋಗುತ್ತಾರೆ. ಮೊದಲು ಹೋಗುವವರು ಬರೀ ಕುತೂಹಲಕ್ಕೆ ಬಂದವರು. ಉಳಿಯುವವರು ಬೇರೆ ದಾರಿಯೇ ಇಲ್ಲದವರು, ಜೀವ ಕೈಯಲ್ಲಿ ಹಿಡಿದು ಬಂದವರು. ಜಾತ್ರೆ ಕರಗಿ ಅವರಷ್ಟೇ ಉಳಿದರೆ ಹುಡುಕುವವನಿಗೆ ಕೆಲಸ ಸುಲಭ. ಅಂದರೆ ಅತಿ ತಡವೂ ಗುಟ್ಟನ್ನು ಕೊಲ್ಲುತ್ತದೆ!

ಇದನ್ನು ಓದಿದಾಗ ನಿಜಕ್ಕೂ ಕಸಿವಿಸಿಯಾಯಿತು. 2004ರಲ್ಲಿ ಒಂದು ವಾರಕ್ಕೆ ಬೇಸತ್ತು ಎದ್ದುಹೋದ ಕುತೂಹಲದ ಗಿರಾಕಿ ನಾನೇ ಅಲ್ಲವೇ? ಅಷ್ಟೇ ಅಲ್ಲ. ನಾನು ಇದ್ದ ಒಂದು ವಾರವೂ ಉಪಕಾರ ಮಾಡಲಿಲ್ಲ. ರಾತ್ರಿ ಎರಡು ಗಂಟೆ ಇದ್ದು ಮಾಯವಾಗುವ ಸದಸ್ಯನ ಮೇಲೆ ನೆರೆಯವರು ಭರವಸೆ ಇಟ್ಟು ಕೋರಿಕೆ ಕಳಿಸಿದರೆ, ಅದು ನನ್ನ ಕಡೆ ಬಂದು ಬಿದ್ದುಹೋಗಿ, ಅವರು ಬೇರೆ ದಾರಿ ಹುಡುಕಬೇಕು. ಬರುವವರು ಹೋಗುವವರ ಈ ಗದ್ದಲವೂ ಇಂಥ ಜಾಲಗಳ ತಡಕ್ಕೆ ಒಂದು ದೊಡ್ಡ ಕಾರಣ. ನಾನು ಯಾರದೋ ಪುಟಕ್ಕೆ ಕಾಯುತ್ತಾ ಶಪಿಸುತ್ತಿದ್ದಾಗ, ಇನ್ಯಾರೋ ನನ್ನಿಂದಾಗಿಯೇ ಕಾಯುತ್ತಿದ್ದಿರಬಹುದು.

ಇರಲಿ, ಮುಂದಿನದು ನೋಡೋಣ. 2009ರಲ್ಲಿ ಡಿಂಗಲ್‌ಡೈನ್ ಮತ್ತು ಸ್ಟೀವನ್ ಮರ್ಡಾಕ್ ಟಾರ್ ಯಾಕೆ ನಿಧಾನ ಅಂತ ಒಂದು ವರದಿಯನ್ನೇ ಬರೆದರು. ತಮ್ಮ ಮನೆಯ ಹುಳುಕನ್ನು ತಾವೇ ಅಂಗಳದಲ್ಲಿ ಹರಡಿದ ಹಾಗೆ! ದಾಟಿಸುವವರು ಕಡಿಮೆ, ಕೆಲವರು ಭಾರೀ ಕಡತಗಳನ್ನು ಇಳಿಸಿಕೊಂಡು ದಾರಿ ತುಂಬಿಸುತ್ತಾರೆ, ದಟ್ಟಣೆ ನಿಯಂತ್ರಣ ಸರಿಯಿಲ್ಲ ಅಂತೆಲ್ಲ ಅದರಲ್ಲಿತ್ತು. 2010ರಲ್ಲಿ ಕ್ಯಾನ್ ಟ್ಯಾಂಗ್ ಮತ್ತು ಇಯಾನ್ ಗೋಲ್ಡ್‌ಬರ್ಗ್ ಒಂದು ಉಪಾಯ ಕೊಟ್ಟರು. ಇತ್ತೀಚೆಗೆ ಕಡಿಮೆ ಸಾಮಾನು ಕಳಿಸಿದವರಿಗೆ ಮೊದಲ ಸರದಿ. ಕಿರಾಣಿ ಅಂಗಡಿಯಲ್ಲಿ ಬೆಂಕಿಪೊಟ್ಟಣಕ್ಕೆ ಬಂದವನನ್ನು ತಿಂಗಳ ಸಾಮಾನಿನ ಪಟ್ಟಿ ಹಿಡಿದವನ ಮುಂದೆ ಬಿಡುವ ಹಾಗೆ. ಇನ್ನು ದಟ್ಟಣೆಯ ವಿಷಯ. ಟಾರ್‌ನಲ್ಲಿ 512 ಬೈಟಿನ 1000 ಡಬ್ಬಿ ಕಳಿಸಿದ ಮೇಲೆ ರಸೀದಿ ಬರುವ ತನಕ ನಿಲ್ಲಬೇಕಿತ್ತು. ದಾರಿ ಖಾಲಿ ಇರಲಿ, ತುಂಬಿರಲಿ, ಅದೇ ಸಾವಿರ. ಖಾಲಿ ದಾರಿಗೆ ಅದು ಕಡಿಮೆ, ತುಂಬಿದ ದಾರಿಗೆ ಜಾಸ್ತಿ. 2022ರಲ್ಲಿ ಬಂದ 0.4.7 ಆವೃತ್ತಿಯಲ್ಲಿ, ಹೋಗಿಬರುವ ಹೊತ್ತನ್ನು ಅಳೆದು ಆ ಸಂಖ್ಯೆಯನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಬಂತು. ವರದಿಯಿಂದ ಪರಿಹಾರಕ್ಕೆ ಹದಿಮೂರು ವರ್ಷ!

ಹಾಗಂತ ವೇಗ ಹೆಚ್ಚಿಸುವುದೆಲ್ಲ ಒಳ್ಳೆಯದೇ ಅಂತ ತಿಳಿಯಬೇಡಿ. 2005ರಲ್ಲಿ ಮರ್ಡಾಕ್ ಮತ್ತು ಜಾರ್ಜ್ ಡನೇಜಿಸ್, ಟಾರ್‌ನ ದಾರಿಯ ದಟ್ಟಣೆಯ ಏರಿಳಿತ ಗಮನಿಸಿಯೇ ಒಬ್ಬನ ಸಂಪರ್ಕ ಯಾವ ಯಂತ್ರಗಳ ಮೂಲಕ ಹೋಗುತ್ತಿದೆ ಅಂತ ಊಹಿಸಬಹುದು ಅಂತ ತೋರಿಸಿದರು. ವೇಗದ ಯಂತ್ರಗಳನ್ನೇ ಆರಿಸಿಕೊಂಡರೆ, ನಾಲ್ಕು ವೇಗದ ಯಂತ್ರ ಕೊಂಡು ಇಟ್ಟ ದುಷ್ಟನ ಬಲೆಗೆ ಹೆಚ್ಚು ಜನ ಬೀಳುತ್ತಾರೆ. ಫ್ರೀನೆಟ್‌ನಲ್ಲೂ ಹೀಗೇ. ಪಕ್ಕದವನಿಂದ ಒಂದು ಪುಟ ಚಿಟಿಕೆ ಹೊಡೆಯುವಷ್ಟರಲ್ಲಿ ಬಂದರೆ, ಅದು ಅವನ ಡಿಸ್ಕಿನಲ್ಲೇ ಇತ್ತು, ಬಹುಶಃ ಅವನೇ ಓದಿದ್ದ ಅಂತ ಅನುಮಾನಿಸಬಹುದು. ಹಾಗಾಗಿ ಮುಂದೆ ಅವರು, ಕೋರಿಕೆ ಹೊರಟ ಜಾಗಕ್ಕೆ ಹತ್ತಿರದ ಯಂತ್ರಗಳು ಆ ಪ್ರತಿಯನ್ನು ಹಂಚಿಕೆಯ ಸಂಗ್ರಹದಲ್ಲಿ ಇಡಬಾರದು ಅಂತ ಮಾಡಿದರು. ಕೈಗೆ ಬಂದಿದ್ದ ವೇಗವನ್ನು ಬೇಕೆಂದೇ ಬಿಟ್ಟುಕೊಟ್ಟರು. ಈ ತಡ ದಂಡವಲ್ಲ, ಔಷಧಿ.

2018ರಲ್ಲಿ ದೇಬಜ್ಯೋತಿ ದಾಸ್, ಅನಿಕೇತ್ ಕಾಟೆ ಮತ್ತು ಅವರ ಸಂಗಡಿಗರು ಇದನ್ನು ಗಣಿತದಲ್ಲೇ ಬರೆದಿಟ್ಟರು. ಗಟ್ಟಿ ಗುಟ್ಟು, ಕಡಿಮೆ ತಡ, ಕಡಿಮೆ ಸಾಗಣೆ ಖರ್ಚು, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ, ಎರಡನ್ನು ಆರಿಸಿಕೊಳ್ಳಿ ಅಂತ. ಚೌಮ್‌ನ ಅಂಚೆಡಬ್ಬ ತಡವನ್ನು ಒಪ್ಪಿತ್ತು. ಟಾರ್ ಗುಟ್ಟಿನ ಒಂದು ಪಾಲನ್ನು ಬಿಟ್ಟಿತು. ಬಿಟ್ಟಿ ಊಟ ಯಾರಿಗೂ ಇಲ್ಲ.

ಅಟ್ಟದಿಂದ ತಂದ ಮೋಡೆಮ್ ಇನ್ನೂ ಮೇಜಿನ ಮೇಲೇ ಇದೆ. ಈಗ ಮನೆಯಲ್ಲಿ ಫೈಬರ್ ಇದೆ, ಅಮ್ಮನ ಫೋನಿಗೆ ನನ್ನ ಕಾಟವಿಲ್ಲ. ಹೋದ ವಾರ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಐಟುಪಿ ಹಾಕಿ ಮೂಲೆಯಲ್ಲಿ ಇಟ್ಟಿದ್ದೇನೆ. ಹಗಲೂ ರಾತ್ರಿ ಆನ್. ನಾನು ಅದರಲ್ಲಿ ಓದುವುದೇನೂ ಹೆಚ್ಚಿಲ್ಲ. ಮುಚ್ಚಿಡಬೇಕಾದ ಗುಟ್ಟೂ ನನ್ನಲ್ಲಿಲ್ಲ. ಅಮ್ಮ "ಅದ್ಯಾಕೋ ಸುಮ್ನೆ ಉರೀತಾ ಇದೆ, ಆಫ್ ಮಾಡೋ" ಅಂದಳು. ಯಾರೋ ದಾಟಿ ಹೋಗ್ತಾ ಇರ್ತಾರಮ್ಮ ಅಂದೆ. ಅಮ್ಮ ಒಂದು ನಿಮಿಷ ನನ್ನ ಮುಖ ನೋಡಿದಳು. ಆಮೇಲೆ ಲ್ಯಾಪ್‌ಟಾಪಿನ ಮೇಲೆ ಧೂಳು ಕೂರದ ಹಾಗೆ ಒಂದು ಹಳೆಯ ಟವೆಲ್ ತಂದು ಹೊದಿಸಿದಳು. ಬಿಸಿಯಾಗುತ್ತದೆ ಅಂತ ನಾನು ಅದನ್ನು ಮೆಲ್ಲಗೆ ತೆಗೆದಿಟ್ಟೆ :-)

ನಿಮ್ಮಲ್ಲಿ ಯಾರಾದರೂ ಆ ಕಾಲದಲ್ಲಿ ಫ್ರೀನೆಟ್ ಹಾಕಿ ಕಾದವರು ಇದ್ದೀರಾ? ಎಷ್ಟು ಹೊತ್ತು ಕಾದಿರಿ, ಕೊನೆಗೆ ಪುಟ ಬಂತಾ? ಪುರುಸೊತ್ತಾದಾಗ ಬರೆಯಿರಿ. ತಡವಾದರೂ ಪರವಾಗಿಲ್ಲ, ಕಾಯುತ್ತೇನೆ.